ಬಾಡುವ ತೋರಣದ ಪರವಾಗಿ

ಬೆಳಗ್ಗೆದ್ದು ಎದುರು ಬಾಗಿಲಲ್ಲಿ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಣ್ಣಿಗೆ ಬಿದ್ದರೆ ಅಂದಿನ ಕಾಫಿಯೂ ರುಚಿಸುವುದಿಲ್ಲ. ಆ ಹಸಿರು ಯಾವ ಮಾವಿನ ಮರದಲ್ಲೂ ಇಲ್ಲದ ಹಸಿರು. ಬಿಸಿಲು ತಿಂದು ತಿಂದು ಅದು ಬಿಳಿಚುತ್ತದೆ, ಮಡಿಕೆಗಳಲ್ಲಿ ಧೂಳು ಕೂರುತ್ತದೆ, ಆದರೂ ಕೆಳಗಿಳಿಯುವುದಿಲ್ಲ. ಯುಗಾದಿಗೂ ಅದೇ, ಶ್ರಾವಣಕ್ಕೂ ಅದೇ, ಏನೂ ಇಲ್ಲದ ಮಂಗಳವಾರಕ್ಕೂ ಅದೇ. ಪ್ಲಾಸ್ಟಿಕ್ಕಿನಿಂದ ನೆಲಕ್ಕೆ ಕೇಡು ಎಂಬುದು ಎಲ್ಲರಿಗೂ ತಿಳಿದ ಮಾತು, ಅದನ್ನು ಮತ್ತೆ ಹೇಳಬೇಕಾಗಿಲ್ಲ. ಮಾವಿನೆಲೆ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಜನಪ್ರಿಯ ಸಮರ್ಥನೆಯೂ ನನಗೆ ಬೇಡ. ಕಿತ್ತ ಎಲೆಗೆ ಬೇರಿನ ನೀರು ತಪ್ಪುತ್ತದೆ, ಅದರ ಸೂಕ್ಷ್ಮರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಾಗಿಲಲ್ಲಿ ತೂಗುವ ಹತ್ತಿಪ್ಪತ್ತು ಎಲೆಗಳಿಂದ ಗಾಳಿ ಬದಲಾಗದು. ಚೆಂದದ ರೂಢಿಯೊಂದಕ್ಕೆ ಸುಳ್ಳು ವಿಜ್ಞಾನದ ಊರುಗೋಲು ಕೊಟ್ಟರೆ, ಊರುಗೋಲು ಮುರಿದ ದಿನ ರೂಢಿಯೂ ಬೀಳುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಹೊರಗಿನಿಂದ ಆಯ್ದು ತಂದ ಎಲೆ, ತೆನೆ, ಕಾಯಿಗಳ ಅಲಂಕಾರ ಮನೆಯೊಳಕ್ಕೆ ಕಾಲವನ್ನು ತರುತ್ತದೆ. ಬಾಡುವುದೇ ಅದರ ಕಸುಬು.

ತೋರಣ ಕಟ್ಟುವ ಬಗೆಯನ್ನೇ ನೋಡಿ. ದಾರದ ಮೇಲೆ ಎಲೆಯ ಬುಡವನ್ನು ಮಡಚಿ, ಅದೇ ಎಲೆಯ ತೊಟ್ಟನ್ನು ಎಲೆಯ ಮೈಗೇ ಚುಚ್ಚಿದರೆ ಮುಗಿಯಿತು. ತೊಟ್ಟೇ ಸೂಜಿ, ತೊಟ್ಟೇ ಮೊಳೆ. ತೊಟ್ಟು ಗಿಡ್ಡವಾದರೆ ತೆಂಗಿನ ಗರಿಯ ಕಡ್ಡಿಯ ಚೂರು ಸಾಕು. ಸ್ಟೇಪ್ಲರಿನ ತಂತಿ ಇಲ್ಲಿಗೆ ಬಂದದ್ದು ಅಗತ್ಯದಿಂದಲ್ಲ, ಅವಸರದಿಂದ. ಈ ಸಣ್ಣ ಕೈಚಳಕದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಯಾಕೆಂದರೆ ವಸ್ತುವಿನ ಗುಣವನ್ನು ಬಲ್ಲವರು ಮಾತ್ರ ಅದನ್ನು ಕಂಡುಹಿಡಿಯಬಲ್ಲರು. ಎಳೆಯ ಮಾವಿನೆಲೆ ತಾಮ್ರಗೆಂಪಾಗಿ ಬೆರಗು ಹುಟ್ಟಿಸುವಷ್ಟು ಚೆಲುವಾಗಿರುತ್ತದೆ. ಆದರೆ ಅದನ್ನು ತೋರಣಕ್ಕೆ ಕಟ್ಟಿದರೆ ಮಧ್ಯಾಹ್ನದೊಳಗೆ ಜೋತುಬೀಳುತ್ತದೆ, ತೊಟ್ಟು ಚುಚ್ಚಿದರೆ ಹರಿಯುತ್ತದೆ. ಬಲಿತ ಎಲೆಗೆ ತೊಗಲಿನಂಥ ಗಟ್ಟಿತನವೂ ಮೇಣದಂಥ ಹೊದಿಕೆಯೂ ಇರುವುದರಿಂದ ಅದು ಚುಚ್ಚಿಸಿಕೊಂಡೂ ಸೀಳುವುದಿಲ್ಲ, ದಿನಗಟ್ಟಲೆ ಆಕಾರ ಬಿಡುವುದಿಲ್ಲ. ನಡುವೆ ಸಿಕ್ಕಿಸಿದ ಬೇವಿನ ಎಸಳುಗಳು ಬೇಗ ಒಣಗಿ ಹೊಸ್ತಿಲ ಮೇಲೆ ಉದುರುತ್ತವೆ, ಮಾವು ಕಂದಾಗಿ ತೂಗುತ್ತಲೇ ಇರುತ್ತದೆ. ಕಟ್ಟಿದವರಿಗೆ ಇದೆಲ್ಲ ಬೆರಳ ತುದಿಯಲ್ಲಿ ಗೊತ್ತು. ಅಂಗಡಿಯ ತೋರಣವನ್ನು ಎರಡು ಮೊಳೆಗೆ ಸಿಕ್ಕಿಸುವವರ ಬೆರಳಿಗೆ ಏನು ಗೊತ್ತಾಗಬೇಕು?

ಬಾಡಿದರೆ ಮತ್ತೆ ಕಟ್ಟಬೇಕು, ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹೊರಗಿನ ವಸ್ತುಗಳೆಲ್ಲ ಒಂದೇ ಆಯುಸ್ಸಿನವಲ್ಲ. ಹೂವಿಗೆ ಒಂದು ದಿನ, ಮಾವಿನೆಲೆಗೆ ಕೆಲವು ದಿನ, ತೆನೆಗೆ ಒಂದು ವರ್ಷ, ಗಟ್ಟಿ ಬೀಜಕ್ಕೆ ತಲೆಮಾರು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಭತ್ತದ ತೆನೆಗಳನ್ನೇ ಹೆಣೆದು ತೋರಣ ಮಾಡುತ್ತಾರೆ. ಕಾಳು ಉದುರದಂತೆ, ಹುಲ್ಲು ಮುರಿಯದಂತೆ ಹೆಣೆದ ಆ ಹೊಂಬಣ್ಣದ ತೋರಣ ಮುಂದಿನ ಸುಗ್ಗಿಯವರೆಗೆ ಬಾಗಿಲ ಮೇಲಿರಬಲ್ಲದು, ಗುಬ್ಬಿಗಳು ಬಿಟ್ಟರೆ. ತುಳುನಾಡಿನಲ್ಲಿ ಹೊಸ ಬೆಳೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಸುತ್ತಿ ಕಂಬಕ್ಕೂ ಕಣಜಕ್ಕೂ ಕಟ್ಟುತ್ತಾರೆ. ವರ್ಷವಿಡೀ ಅದು ಅಲ್ಲೇ ಒಣಗುತ್ತಾ ಇರುತ್ತದೆ. ಉತ್ತರ ಕನ್ನಡದ ಫಲಾವಳಿಯಂತೂ ಇನ್ನೂ ದೊಡ್ಡ ಮಾತು. ಚೌತಿಗೆ ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ಕಟ್ಟಿ ಅಡಿಕೆ ಗೊನೆ, ತೆಂಗು, ತರಕಾರಿ, ಕಾಡಿನ ಕಾಯಿ, ಹೂಗಳನ್ನು ಸಾಲಾಗಿ ತೂಗುಬಿಡುತ್ತಾರೆ; ಪಕ್ಕದ ಗೋವೆಯಲ್ಲಿ ಇದಕ್ಕೆ ಮಾಟೊಳಿ ಎಂದು ಹೆಸರು. ಆ ವರ್ಷದ ಭಾದ್ರಪದದಲ್ಲಿ ಬೆಟ್ಟ ಏನು ಕೊಟ್ಟಿತೋ ಅದೆಲ್ಲ ಅಲ್ಲಿ ಹಾಜರು. ಮಳೆ ಹಿಂದುಮುಂದಾದರೆ ಚೌಕಟ್ಟಿನಲ್ಲಿ ಒಂದು ಜಾಗ ಖಾಲಿ. ಕೆಂಪು ಹಳದಿ ನಾಲಗೆ ಚಾಚಿದ ಅಗ್ನಿಶಿಖೆಯಂಥ, ಗಡ್ಡೆಯಿಂದ ಹೂವಿನವರೆಗೆ ವಿಷವೇ ಆದ ಬಳ್ಳಿಗೂ ಇಂಥ ಅಲಂಕಾರದಲ್ಲಿ ಸ್ಥಾನವುಂಟು. ಕೆಳಗೆ ಕೂತು ಕತ್ತೆತ್ತಿ ನೋಡುವ ಮಗುವಿಗೆ ಯಾವುದರ ಹೆಸರೇನು, ಯಾವುದನ್ನು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಆರತಿ ಮುಗಿಯುವುದರೊಳಗೆ ತಿಳಿದಿರುತ್ತದೆ. ಇಷ್ಟು ಕಲಿಸುವ ಅಲಂಕಾರ ಬೇರೊಂದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಲ್ಲಿನ ತೋರಣವೂ ಬಾಡುವುದಿಲ್ಲವಲ್ಲ, ಅದನ್ನೇಕೆ ಮೆಚ್ಚುತ್ತೀರಿ? ಸಾಂಚಿಯ ತೋರಣದ್ವಾರಗಳು ಮರಗೆಲಸವನ್ನು ಕಲ್ಲಿನಲ್ಲಿ ನಕಲು ಮಾಡಿದಂಥವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿ, ಎಲೆ, ಹೂಗಳಿಗೆ ಲೆಕ್ಕವಿಲ್ಲ, ಒಂದೂ ಉದುರಿಲ್ಲ. ಈ ಆಕ್ಷೇಪ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ನನಗೆ ಹೊಳೆದ ಉತ್ತರ ಇದು. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗುತ್ತಾ ಗಟ್ಟಿ. ಶಿಲ್ಪಿ ಆ ಮೆದುತನದ ಅವಧಿಯನ್ನು ಅರಿತು ಉಳಿ ಆಡಿಸಬೇಕು. ಬಳ್ಳಿಯ ತಿರುವನ್ನು ಕಣ್ಣಿಟ್ಟು ನೋಡದವನಿಗೆ ಆ ತಿರುವು ಕಲ್ಲಿನಲ್ಲಿ ಬರುವುದಿಲ್ಲ. ಅಲ್ಲಿ ನಕಲು ಎಂಬುದು ನೋಟದ ಫಲ. ಅಚ್ಚಿನಲ್ಲಿ ಒತ್ತಿದ ಎಲೆ ನೋಟವನ್ನು ತಪ್ಪಿಸಲೆಂದೇ ಹುಟ್ಟಿದ್ದು. ಅದನ್ನು ಕಟ್ಟಿದ ಮೇಲೆ ಮಾವಿನ ಮರವನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೊತೆಗೆ, ಬೇಲೂರಿನ ಕಲ್ಲು ತಾನು ಕಲ್ಲೆಂಬುದನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ.

ಎಲ್ಲರೂ ಹೊರಗೆ ಹೊರಟು ಕೀಳತೊಡಗಿದರೆ ಮರಗಳ ಗತಿಯೇನು ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಹಬ್ಬದ ಹಿಂದಿನ ದಿನ ಗೆಲ್ಲುಗೆಲ್ಲೇ ಮುರಿದು ಪೇಟೆಗೆ ಸಾಗಿಸುವುದು ತೋರಣದ ಹೆಸರಿನಲ್ಲಿ ನಡೆಯುವ ಕ್ರೌರ್ಯ. ಸೀತಾಳೆ ದಂಡೆ ಎಂಬ ಆರ್ಕಿಡನ್ನು ಮರದ ಮೈಯಿಂದ ಬೇರುಸಹಿತ ಕಿತ್ತು ತಂದು ವರಾಂಡದಲ್ಲಿ ಒಣಗಿಸುವುದೂ ಹಾಗೆಯೇ. ಕಡಲಿನ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ; ಷೋಕೇಸಿಗೆಂದು ಅದನ್ನು ತರುವುದು ಅಪರಾಧ. ಆದ್ದರಿಂದ ಬೇಕಾದಷ್ಟೇ ಕೀಳಬೇಕು, ಬಿದ್ದದ್ದನ್ನು ಧಾರಾಳವಾಗಿ ಆಯಬೇಕು. ಬೀಳುವುದಕ್ಕೇನು ಕಡಿಮೆ? 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್ ಒಂದಾದ ಮೇಲೊಂದು ಅರಳುವ ಮರಗಳಿಂದ ಬೆಂಗಳೂರಿನ ಬೀದಿಗಳನ್ನು ತುಂಬುವ ದಾರಿ ಹಾಕಿಕೊಟ್ಟರು. ಹೂವಿನ ಕಾಲ ಮುಗಿದ ಮೇಲೆ ಆ ಬೀದಿಗಳ ತುಂಬ ಕಾಯಿಗಳು. ಮಡಗಾಸ್ಕರ್ ಮೂಲದ ಗುಲ್‌ಮೊಹರಿನ ಕತ್ತಿಯಂಥ ಕೋಡು, ದಕ್ಷಿಣ ಅಮೆರಿಕದ ಜಕರಂಡದ ಚಪ್ಪಟೆ ಡಬ್ಬಿ, ದೋಣಿಯಂತೆ ಬಾಯಿಬಿಟ್ಟ ಆಫ್ರಿಕನ್ ಟುಲಿಪ್. ಮಹಾಗನಿಯ ಕಾಯಿ ಬುಡದಿಂದ ಬಿರಿದು ಐದು ಮರದ ಹೋಳಾಗುತ್ತದೆ, ರೆಕ್ಕೆಯ ಬೀಜಗಳನ್ನು ಗಾಳಿಗೆ ಬಿಟ್ಟು ಬರಿದಾಗುತ್ತದೆ. ಆ ಹೋಳನ್ನು ಕಿಟಕಿಯಲ್ಲಿಟ್ಟರೆ ಯಾವ ಬಣ್ಣವೂ ಬೇಡ, ವಾರ್ನಿಷೂ ಬೇಡ. ಅದರ ಬಾಗಿನಲ್ಲೇ ಅದು ಮಾಡಿದ ಕೆಲಸದ ಗುರುತಿದೆ. ಫ್ಲ್ಯಾಟಿನಲ್ಲಿರುವವರಿಗೆ ಮರ ಎಲ್ಲಿ ಎನ್ನುವವರು ಒಮ್ಮೆ ತಲೆ ತಗ್ಗಿಸಿ ಫುಟ್‌ಪಾತಿನ ಮೇಲೆ ನಡೆದರೆ ಸಾಕು.

ಹೀಗೆ ಬಟ್ಟಲಿನಲ್ಲಿ ಕೂಡಿಹಾಕುವ ಬೀಜಗಳಲ್ಲಿ ಗುಲಗಂಜಿಗೆ ಸಮನಾದದ್ದಿಲ್ಲ. ಕೆಂಪು ಮೈ, ಕಪ್ಪು ಕಣ್ಣು, ತಲೆಮಾರು ಕಳೆದರೂ ಮಾಸದ ಹೊಳಪು. ಅಕ್ಕಸಾಲಿಗರು ಚಿನ್ನ ತೂಗಿದ್ದು ಅದರಿಂದಲೇ; ತೀರ ಸ್ವಲ್ಪ ಎನ್ನಬೇಕಾದಲ್ಲಿ ನಾವು ಇಂದಿಗೂ ಗುಲಗಂಜಿಯಷ್ಟು ಎನ್ನುತ್ತೇವೆ. ಒಳಗೆ ಕೊಲ್ಲುವ ವಿಷವಿರುವುದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಟ್ಟಲನ್ನು ಎತ್ತರದಲ್ಲಿಡಬೇಕು. ಬಳ್ಳಿಯ ಮೇಲೆ ಕಾಯಿ ಒಣಗಿ, ಬಾಯಿ ತೆರೆದು ತಿರುಚಿಕೊಂಡ ಮೇಲೂ ಬೀಜಗಳು ಉದುರದೆ ಸಿಪ್ಪೆಗೆ ಅಂಟಿಕೊಂಡೇ ಇರುತ್ತವೆ, ಬಾಗಿಲಿಗೆ ಕಟ್ಟಿದ ಹಾಗೆ. ಹಕ್ಕಿಗಳು ಅದನ್ನು ರಸದ ಹಣ್ಣೆಂದು ನಂಬಿ ನುಂಗಲಿ, ದೂರ ಒಯ್ದು ಹಾಕಲಿ ಎಂಬುದಕ್ಕೇ ಈ ಬಣ್ಣ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಾಗಿದ್ದರೆ ಗುಲಗಂಜಿಯೂ ಒಂದು ನಕಲಿ ಹಣ್ಣು, ಅದೂ ಬಾಡದ ಹಣ್ಣು. ಬಳ್ಳಿ ಆ ನಕಲನ್ನು ಯಾವ ಹಣ್ಣನ್ನು ನೋಡಿ ಕಲಿಯಿತು, ಎಷ್ಟು ಹಕ್ಕಿಗಳು ಮೋಸಹೋದ ಮೇಲೆ ಆ ಕೆಂಪು ಇಷ್ಟು ಕೆಂಪಾಯಿತು ಎಂಬುದು ಬಟ್ಟಲನ್ನು ನೋಡಿದಾಗಲೆಲ್ಲ ನನ್ನನ್ನು ಕಾಡುತ್ತದೆ.