ಬೆರಳ ಸಂದಿನ ಬೆಳಕು

ನಂಜನಗೂಡಿನಲ್ಲಿ ಮನೆ, ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ ಉದ್ಯೋಗ. ಹೀಗೆ ಎರಡೂರುಗಳ ನಡುವೆ ಬಸ್ಸಿನಲ್ಲಿಯೇ ಅರ್ಧ ಆಯುಷ್ಯ ಸವೆಸಿದ ಗಣಿತದ ಮೇಷ್ಟರೊಬ್ಬರಿಗೆ, 50 ದಾಟಿದ ಮೇಲೆ ತೈಲವರ್ಣದ ಹುಚ್ಚು ಹಿಡಿಯಿತು. ಒಬ್ಬಳೇ ಮಗಳಿಗೆ ಮದುವೆ ಗೊತ್ತಾಗಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರವೆಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಅದನ್ನು ತಮ್ಮ ಕೈಯಾರೆ ಪ್ರತಿ ಮಾಡಿ ಅವಳೊಡನೆ ಕಳುಹಿಸಬೇಕೆಂಬುದು ತಂದೆಯ ಹಂಬಲ.

ಊರಿನ ನಿವೃತ್ತ ಡ್ರಾಯಿಂಗ್ ಮೇಷ್ಟರು ಗುರುಗಳಾಗಲು ಒಪ್ಪಿದರು. ಆದರೆ, “ಮೊದಲು ಚೊಂಬು ಬರೆಯಿರಿ ಸ್ವಾಮಿ, ಹೆಂಗಸು ಆಮೇಲೆ” ಎಂದುಬಿಟ್ಟರು.

ಮಣೆಯ ಮೇಲೆ ಹಿತ್ತಾಳೆಯ ಚೊಂಬು, ಪಕ್ಕದಲ್ಲಿ ಒಂದು ಚಿಪ್ಪು ರಸಬಾಳೆ. ತೈಲವರ್ಣ ನಿಧಾನದ ವಿದ್ಯೆ; ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಗಾಳಿಗೆ ಗಟ್ಟಿಯಾಗಲು ದಿನಗಳೇ ಬೇಕು. ರಸಬಾಳೆಗೆ ಅಷ್ಟು ತಾಳ್ಮೆಯೆಲ್ಲಿಯದು? ಮೊದಲ ಲೇಪ ಆರುವಷ್ಟರಲ್ಲಿ ಸಿಪ್ಪೆ ಕಪ್ಪಿಟ್ಟು ಮನೆಯೆಲ್ಲ ಘಮಘಮಿಸಿತು. ಈಗ ಅಪರೂಪವಾಗಿರುವ ಹಣ್ಣನ್ನು ಕೊಳೆಯಿಸುವುದೆ ಎಂದು ಮನೆಯಾಕೆ ಎಲ್ಲರಿಗೂ ಹಂಚಿದರು. ಸಾಲದುದಕ್ಕೆ ಚೊಂಬನ್ನೂ ಹುಣಿಸೆಹಣ್ಣು ಹಾಕಿ ಬೆಳಗಿದರು. ಮೂರು ದಿನ ನೋಡಿ ನೋಡಿ ತೀಡಿದ್ದ ಕಿಲುಬಿನ ಛಾಯೆ ಮಂಗಮಾಯ! “ಏನೂಂದ್ರೆ, ದೇವರ ಪೂಜೆಗೆ ಚೊಂಬು ಬೇಡವೆ?” ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ.

ಪ್ರತಿ ಮಾಡುವುದೆಂದರೆ ಮೂಗು ಮುರಿಯುವವರುಂಟು. ತಿರುವಾಂಕೂರಿನ ಅರಮನೆಯಲ್ಲಿ ಜೆನ್ಸನ್ ಎಂಬ ವಿದೇಶೀ ಕಲಾವಿದರು ಚಿತ್ರ ಬರೆಯುವುದನ್ನು ನೋಡಿ ನೋಡಿ ತೈಲವರ್ಣದ ಗುಟ್ಟನ್ನು ಗ್ರಹಿಸಿದವರು ರವಿವರ್ಮರು; ಕಣ್ಣಿನಿಂದ ಕದ್ದ ವಿದ್ಯೆಯೂ ವಿದ್ಯೆಯೇ.

ದೀಪದ ಹೆಂಗಸನ್ನೂ ರವಿವರ್ಮರೇ ಬರೆದರೆಂದು ಬಹು ಜನ ನಂಬಿದ್ದಾರೆ, ಮೇಷ್ಟರೂ ನಂಬಿದ್ದರು. ವಾಸ್ತವವಾಗಿ ಅದು ಸಾವಂತವಾಡಿಯ ಎಸ್. ಎಲ್. ಹಲ್ದಣಕರರು 1945-46ರಲ್ಲಿ ರಚಿಸಿದ ಚಿತ್ರ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಗುರುಗಳಿಂದ ಇದನ್ನು ತಿಳಿದ ಮೇಷ್ಟರಿಗೆ ಇನ್ನೊಂದು ಆಘಾತವೂ ಕಾದಿತ್ತು: ಅದು ತೈಲವರ್ಣವೇ ಅಲ್ಲ, ಜಲವರ್ಣ! ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಸೋಕದಂತೆ ಉಳಿಸಿಕೊಂಡ ಬಿಳಿಯ ಕಾಗದ. ತೈಲವರ್ಣದಲ್ಲಾದರೋ ಮೊದಲು ಕತ್ತಲೆಯನ್ನು ತೆಳ್ಳಗೆ ಬಳಿದು, ಕಟ್ಟಕಡೆಗೆ ಬೆಳಕನ್ನು ದಪ್ಪಗೆ ಇಡಬೇಕು. ಹಲ್ದಣಕರರು ಬಿಟ್ಟದ್ದನ್ನೆಲ್ಲ ಮೇಷ್ಟರು ಇಡಬೇಕಾಯಿತು. ದಾರಿಯೇ ತಿರುಗುಮುರುಗು.

ಸೀರೆಯ ನೆರಿಗೆಗಳು ಹೇಗೋ ಬಂದುವು. ಸಂಜೆಯ ಬಸ್ಸಿಗೆ ಮುನ್ನ ಸಂಗಮದ ಮೆಟ್ಟಿಲಲ್ಲಿ ಕುಳಿತು ಕಪಿಲೆ ಕಾವೇರಿಯರ ನೀರನ್ನು ದಿಟ್ಟಿಸಿದ ಮೇಲೆ, ನೆರಳಿನಲ್ಲಿಯೂ ನೀಲಿ, ಕಂದುಗಳಿರುತ್ತವೆಂದು ಹೊಳೆಯಿತು. ಆದರೆ ಜ್ವಾಲೆಗೆ ಮರೆಯಾಗಿ ಹಿಡಿದ ಅಂಗೈ? ಬೆರಳ ಸಂದಿನಿಂದ ರಕ್ತವೇ ಬೆಳಗುವಂತೆ ತೋರುವ ಆ ಕೆಂಪು, ಎದುರಿಗಿದ್ದ ಅಚ್ಚಿನ ಪ್ರತಿಯಲ್ಲಿ ಬರೀ ಕಿತ್ತಳೆಯ ಮಚ್ಚೆ. ಮೂರು ಸಲ ಬರೆದು ಮೂರು ಸಲವೂ ಕೆರೆದು ತೆಗೆದರು.

“ಹಲ್ದಣಕರರಿಗೆ ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ” ಎಂದರು ಗುರುಗಳು. ಮತ್ತೇನೂ ಹೇಳಲಿಲ್ಲ.

ಆ ರಾತ್ರಿ ವಿದ್ಯುದ್ದೀಪ ಆರಿಸಿ ಮಗಳನ್ನು ನಿಲ್ಲಿಸಿದರು. ಮದುವೆಗೆ ಇನ್ನು ಎಂಟೇ ದಿನ. ಅವಳು ಅಲುಗದೆ ನಿಂತಳು. ಅವಳ ಕಿರುಬೆರಳು ತುಸು ಸೊಟ್ಟ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತಂದೆ ಅದನ್ನು ಗಮನಿಸಿರಲಿಲ್ಲ.

“ಅಪ್ಪಾ, ಎಣ್ಣೆ ಮುಗೀತಾ ಬಂತು.”

“ಇನ್ನೊಂದು ಗಳಿಗೆ ಇರಮ್ಮ.”

ಕೈ ಮೂಲದಂತೆ ಬರಲಿಲ್ಲ; ಕಿರುಬೆರಳು ಸೊಟ್ಟಗೇ ಬಂತು. ಗುರುಗಳು ನೋಡಿ, ತಿದ್ದಕೂಡದೆಂದರು. ಬೆಳಕಿಗೆ ದಪ್ಪಗೆ ಇಟ್ಟ ಬಣ್ಣ ಮದುವೆಯ ದಿನಕ್ಕೂ ಹಸಿಯಾಗಿಯೇ ಇದ್ದುದರಿಂದ ಚಿತ್ರವನ್ನು ಕಟ್ಟಿ ಕಳುಹಿಸುವಂತಿರಲಿಲ್ಲ. ಆಮೇಲೆ ಒಣಗಿತು. ಮಗಳು ಬಂದಾಗಲೆಲ್ಲ ಒಯ್ಯುವೆನೆನ್ನುತ್ತಾಳೆ. ಮನೆಯಾಕೆ ಮಾತ್ರ ಗೋಡೆಯಿಂದ ಇಳಿಸಗೊಡುವುದಿಲ್ಲ.