ಅಂಚಿನ ಅಕ್ಷರ

ಹಳಗನ್ನಡ ಕಾವ್ಯಗಳ ನಡುವೆ ಆಯುಷ್ಯವನ್ನು ಕಳೆದ ಪಂಡಿತನೊಬ್ಬನು ಸೈನ್ಯದ ಪದಕಗಳನ್ನು ಕುರಿತು ಬರೆಯಹೊರಟರೆ ಓದುಗರಿಗೆ ಅಚ್ಚರಿಯಾದೀತು. ಆ ವಿಷಯದಲ್ಲಿ ನನಗೆ ಅಧಿಕಾರವೇನೂ ಇಲ್ಲ. ಆದರೆ ನಮ್ಮ ಶಾಲೆಯ ವಸ್ತುಸಂಗ್ರಹದ ಕೊಠಡಿಗೆ ಬಂದ ಎರಡು ಪದಕಗಳ ವಿಚಾರದಲ್ಲಿ ನಾನು ಎರಡು ತಪ್ಪು ತೀರ್ಪುಗಳನ್ನು ಕೊಟ್ಟೆನು. ಅವನ್ನು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ದೂರದ ಪಟ್ಟಣದಲ್ಲಿ ವ್ಯಾಪಾರದಲ್ಲಿರುವವರು, ಹಳೆಯ ಸೈನಿಕ ವಸ್ತುಗಳನ್ನು ಮಾರುವ ಅಂಗಡಿಯಲ್ಲಿ ದೊಡ್ಡ ಬೆಲೆ ತೆತ್ತು ಬೆಳ್ಳಿಯ ಪದಕವೊಂದನ್ನು ಕೊಂಡು ಶಾಲೆಗೆ ಕಾಣಿಕೆಯಾಗಿತ್ತರು. ಅದು ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಬ್ರಿಟಿಷ್ ಸರಕಾರವು ಕೊಟ್ಟ ಯುದ್ಧಪದಕ. ಒಂದು ಮಗ್ಗುಲಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದರಲ್ಲಿ ಕುದುರೆಯನ್ನೇರಿದ ವೀರನ ಆಕೃತಿ, 1914 ಮತ್ತು 1918 ಎಂಬ ವರ್ಷಗಳು. ಅಂಚಿನಲ್ಲಿ ಒಬ್ಬ ಸವಾರನ ಹೆಸರೂ ಮೈಸೂರು ಅಶ್ವದಳದ ಹೆಸರೂ ಇದ್ದವು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಅಶ್ವದಳಗಳು ಭಲ್ಲೆಗಳನ್ನು ಹಿಡಿದು ಹೈಫಾ ನಗರವನ್ನು ಗೆದ್ದ ಕಥೆಯನ್ನು ಅರಿಯದವರಾರು? ನಾನು ಉಬ್ಬಿಹೋಗಿ, ಹನ್ನೆರಡು ಸಾಲುಗಳ ವಿವರಣಫಲಕವನ್ನು ಬರೆದುಕೊಟ್ಟೆನು.

ಅದೇ ವಾರ ಹತ್ತಿರದ ಹಳ್ಳಿಯಿಂದ ವೃದ್ಧೆಯೊಬ್ಬರು ಬಂದರು. ಸೆರಗಿನ ಗಂಟು ಬಿಚ್ಚಿ ಕಪ್ಪಡರಿದ ಪದಕವೊಂದನ್ನು ಮೇಜಿನ ಮೇಲಿಟ್ಟು, “ಗುರುಗಳ, ಇದು ನಮ್ಮ ಮಾವನವರದರೀ. ಬಸ್ರಾಕ್ಕ ಹೋಗಿ ಬಂದಿದ್ರಂತರೀ. ದೇವರ ಜಗಲಿ ಮ್ಯಾಲೆ ಇಟ್ಟಿದ್ವಿ. ನನ್ನ ಹಿಂದ ಇದನ್ನ ನೋಡವರಿಲ್ಲ, ಸಾಲ್ಯಾಗರ ಇರಲಿ” ಎಂದರು. ಆಕೃತಿಯೆಲ್ಲ ಬೆಳ್ಳಿಯ ಪದಕದಂತೆಯೇ ಇದ್ದಿತು. ಲೋಹ ಮಾತ್ರ ಕಂಚು. “ತಾಯಿ, ನಿಜವಾದದ್ದು ಬೆಳ್ಳಿಯದಿರುತ್ತದೆ. ಇದು ಯಾರೋ ಎರಕ ಹೊಯ್ದ ನಕಲು” ಎಂದೆನು. ಆ ತಾಯಿ ಮರುಮಾತಾಡಲಿಲ್ಲ. ಪದಕವನ್ನು ಮರಳಿ ಕಟ್ಟಿಕೊಳ್ಳದೆ ಅಲ್ಲಿಯೇ ಬಿಟ್ಟು ಹೊರಟುಹೋದರು.

ಕೆಲವು ದಿನಗಳ ಮೇಲೆ, ಪದಕಗಳನ್ನು ಬಲ್ಲ ನಿವೃತ್ತ ಸುಬೇದಾರರೊಬ್ಬರು ಶಾಲೆಗೆ ಬಂದಾಗ ಎರಡನ್ನೂ ತೋರಿಸಿದೆನು. ಹೈಫಾದ ಕಥೆಯನ್ನು ನಾನು ಆರಂಭಿಸುವಷ್ಟರಲ್ಲಿ ಅವರು ಕೈಯೆತ್ತಿ, “ಪಂಡಿತರೇ, ಅಂಗಡಿಯವನು ಹೇಳಿದ್ದು ಆಚೆಗಿರಲಿ. ಪದಕವೇ ಏನು ಹೇಳುತ್ತದೆಯೋ ಕೇಳೋಣ” ಎಂದರು. ವಿಜ್ಞಾನದ ಮಾಸ್ತರರು ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರ್ಸನ್ನೂ ಭೂತಗನ್ನಡಿಯನ್ನೂ ತಂದರು. ಈ ಪದಕದ ಅಡ್ಡಳತೆ 36 ಮಿಲಿಮೀಟರ್ ಇರಬೇಕು. ಕಂಚಿನದು ಸರಿಯಾಗಿ ಅಷ್ಟೇ ಇದ್ದಿತು. ಬೆಳ್ಳಿಯದು ಕಡಿಮೆ ಬಂದಿತು. ಅದೂ ಅಳೆದ ಕಡೆಗಳಲ್ಲೆಲ್ಲ ಒಂದೇ ಸಮನಾಗಿರಲಿಲ್ಲ. ಗಾಜಿನಡಿಯಲ್ಲಿ ನೋಡಲಾಗಿ, ಅಂಚನ್ನು ಅರದಿಂದ ಉಜ್ಜಿದ ಗೆರೆಗಳು ಕಂಡವು. ಯಂತ್ರದಿಂದ ಒತ್ತಿದ ಅಕ್ಷರಗಳು ಸಾಲುಹಿಡಿದು ಒಂದೇ ಆಳದಲ್ಲಿರಬೇಕು. ಇಲ್ಲಿ ಒಂದು ಏರಿದೆ, ಒಂದು ಇಳಿದಿದೆ. ಒಂದೆಡೆ ಹೊಸ ಅಕ್ಷರದ ಕೆಳಗೆ ಹಳೆಯ ಅಕ್ಷರದ ನೆರಳು ಉಳಿದಿದ್ದಿತು. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಪಟ್ಟಿಯೂ ಫಳಫಳನೆ ಹೊಳೆಯಿತು. ಹಾಗೆ ಹೊಳೆಯುವ ಬಿಳುಪುಕಾರಕಗಳು ನೂಲಿಗೆ ಸೇರತೊಡಗಿದುದು ಆ ಯುದ್ಧವು ಮುಗಿದ ಎಷ್ಟೋ ವರ್ಷಗಳ ತರುವಾಯ. ಆದರೆ ಸುಬೇದಾರರು, “ಹಳೆಯ ಪದಕಕ್ಕೆ ಹೊಸ ಪಟ್ಟಿ ಹಾಕುವುದುಂಟು, ಅದೊಂದನ್ನೇ ನಂಬಬೇಡಿರಿ. ತೀರ್ಪು ಅಂಚಿನಲ್ಲಿದೆ” ಎಂದು ಎಚ್ಚರಿಸಿದರು.

ಪದಕ ನಿಜ, ಹೆಸರು ಸುಳ್ಳು. ಯಾರೋ ಒಬ್ಬ ಸಾಮಾನ್ಯ ಸೈನಿಕನ ಹೆಸರನ್ನು ಉಜ್ಜಿ ಅಳಿಸಿ, ಬೆಲೆ ಬರುವ ದಳದ ಹೆಸರನ್ನು ಒತ್ತಿದ್ದರು.

ಇನ್ನು ಕಂಚಿನದು? ಸೈನ್ಯದೊಡನೆ ಹೋಗಿ ಕೂಲಿ ಮಾಡಿದವರಿಗೂ ಹೊರೆ ಹೊತ್ತವರಿಗೂ ಸರಕಾರವು ಇದೇ ಪದಕವನ್ನು ಬೆಳ್ಳಿಯ ಬದಲು ಕಂಚಿನಲ್ಲಿ ಕೊಟ್ಟಿತ್ತಂತೆ. ಅಂಚಿನಲ್ಲಿ ಆ ಮಾವನವರ ಹೆಸರೂ ಹೊರೆಯಾಳುಗಳ ದಳದ ಹೆಸರೂ ಸ್ಪಷ್ಟವಾಗಿದ್ದವು. ಉಬ್ಬಿದ ಭಾಗಗಳು ಕೈ ತಾಗಿ ನುಣುಪಾಗಿದ್ದವು. ತಗ್ಗುಗಳಲ್ಲಿ ಮಾತ್ರ ಕಪ್ಪು ನಿಂತಿದ್ದಿತು. ಮದ್ದು ಬಳಿದು ಹಳೆಯದಾಗಿಸಿದ ವಸ್ತುವಿಗೆ ಕಪ್ಪು ಎಲ್ಲೆಡೆ ಸಮನಾಗಿ ಹತ್ತಿರುತ್ತದೆಯಂತೆ. ನಾನು ತಳ್ಳಿಹಾಕಿದ ಪದಕವೇ ನಾನು ಹೊಗಳಿದ ಪದಕಕ್ಕೆ ಅಳತೆಗೋಲಾಯಿತು.

ನನ್ನ ನಾಚಿಕೆಗೆ ಕಾರಣವು ಅಜ್ಞಾನವಲ್ಲ, ಬಲ್ಲುದನ್ನು ಬಳಸದೆಹೋದುದು. ಕೂಟಶಾಸನಗಳ ಪಾಠವನ್ನು ನಾನು ಎಷ್ಟು ಸಲ ಹೇಳಿಲ್ಲ! ಗಂಗರ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟರು ಸಾಧಿಸಹೊರಟಾಗ, ಅವು ನಿಜವೆಂದು ರೈಸರು ಎತ್ತಿಹಿಡಿದರು. ಆ ವಿದ್ವಾಂಸರ ವಾದದಲ್ಲಿ ಲಿಪಿಯೂ ತಿಥಿಯೂ ಸಾಕ್ಷಿ ನುಡಿದವೇ ಹೊರತು ದೊರೆಯ ಬಿರುದುಗಳಲ್ಲ. ಹಳೆಯ ಪಟವನ್ನು ತಟ್ಟಿ ಅಳಿಸಿ ಮತ್ತೆ ಬರೆದವರೂ ಉಂಟು. ಅಂಕಿತವಿದ್ದ ಮಾತ್ರಕ್ಕೆ ವಚನವು ಆ ಶರಣರದೇ ಆಗಲಾರದೆಂದು ತರಗತಿಯಲ್ಲಿ ಒತ್ತಿ ಹೇಳುವ ನಾನು, ಅಂಚಿನ ಅಂಕಿತಕ್ಕೆ ಮರುಳಾದೆನು. ಬೆಳ್ಳಿಯೂ ಬಿರುದೂ ನನ್ನ ಕಣ್ಣು ಕಟ್ಟಿದ್ದವು.

ದಾನಿಗಳಿಗೆ ದೂರವಾಣಿಯಲ್ಲಿ ವಿಷಯವನ್ನು ತಿಳಿಸುವುದು ಸುಲಭವಾಗಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಗುರುಗಳೇ, ಪದಕ ಅಲ್ಲೇ ಇರಲಿ. ನಾನು ಮೋಸಹೋದದ್ದನ್ನೂ ಬರೆಯಿರಿ, ಹುಡುಗರಿಗೆ ಪಾಠವಾಗಲಿ” ಎಂದರು. ಅವರ ಮನಸ್ಸಿನ ಹಿರಿಮೆಗೆ ನಾನು ಋಣಿ. ಆ ತಾಯಿಯ ಮನೆಗೆ ಮಾತ್ರ ನಾನೇ ನಡೆದುಹೋದೆನು. ಕ್ಷಮೆ ಕೇಳಿದಾಗ ಅವರು, “ನಿಮಗ ತಿಳೀದು ಬಿಡ್ರೀ. ನಮಗ ಗೊತ್ತಿತ್ತು” ಎಂದಷ್ಟೇ ನುಡಿದು ನೀರು ಬೆಲ್ಲ ತಂದಿಟ್ಟರು.

ಈಗ ಎರಡು ಪದಕಗಳೂ ಒಂದೇ ಕಪಾಟಿನಲ್ಲಿವೆ. ನನ್ನ ಹನ್ನೆರಡು ಸಾಲುಗಳ ಫಲಕವನ್ನು ತೆಗೆಸಿದ್ದೇನೆ. ಕಂಚಿನದರ ಮುಂದೆ ಆ ಹೊರೆಯಾಳಿನ ಹೆಸರೂ ಊರೂ ಇವೆ. ಬೆಳ್ಳಿಯದರ ಮುಂದೆ, “ಹೆಸರು ತಿದ್ದಿದ ಪದಕ, ಇದರ ನಿಜವಾದ ಒಡೆಯನು ಯಾರೋ ತಿಳಿಯದು” ಎಂದು ಬರೆದಿದೆ. ಶಾಲೆಗೆ ವಸ್ತುಗಳನ್ನು ಕೊಡುವ ಮಹನೀಯರಲ್ಲಿಯೂ, ಅವನ್ನು ಸ್ವೀಕರಿಸುವ ನನ್ನ ಸಹೋದ್ಯೋಗಿಗಳಲ್ಲಿಯೂ ನನ್ನ ವಿನಂತಿಯೊಂದೇ: ಮೊದಲು ಅಂಚನ್ನು ಓದೋಣ, ಆಮೇಲೆ ಫಲಕವನ್ನು ಬರೆಯೋಣ. ಹೆಸರು ಕಳೆದುಕೊಂಡ ಆ ಸೈನಿಕನಿಗೆ ನಾವು ಸಲ್ಲಿಸಬಹುದಾದ ಗೌರವ ಇಷ್ಟೇ.