2030ರ ಕೇರಿ

ವಿಜ್ಞಾನದ ಸಿನಿಮಾ ಒಂದರ ಬಗ್ಗೆ ಬರೆಯುತ್ತಿದ್ದೇನೆ ಅಂದಾಗ ಗೆಳೆಯನೊಬ್ಬ ನನ್ನ ಮುಖ ನೋಡಿದ. 'ಎಂತ ಮಾರಾಯ, ನಿನಗೆ ಬರೆಯಲಿಕ್ಕೆ ಬೇರೆ ಸಿಗಲಿಲ್ವಾ? ರೋಬೋ, ರಾಕೆಟ್ಟು ಎಲ್ಲ ಹೊಟ್ಟೆ ತುಂಬಿದವರ ಆಟ' ಅಂದ. ಅವನು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ನಾವು ಬರೆದಾಗಲೆಲ್ಲ ನಿನ್ನೆಯನ್ನೇ ಬರೆದಿದ್ದೇವೆ. ಅಪ್ಪನ ಬೆನ್ನಿನ ಬಾಸುಂಡೆ, ಅಜ್ಜಿಯ ಹರಿದ ಸೀರೆ, ಅಂಗಳದಾಚೆ ನಿಂತು ಬೊಗಸೆಗೆ ಹೊಯ್ಸಿಕೊಂಡ ನೀರು. ಬರೆಯದೆ ಬಿಡುವ ಹಾಗೂ ಇರಲಿಲ್ಲ. ಆದರೆ ನಿನ್ನೆ ನಮ್ಮದು, ನಾಳೆ ಅವರದು ಅಂತ ಪಾಲು ಮಾಡಿ ಕೊಟ್ಟವರು ಯಾರು? ಭೂಮಿ ಹಂಚುವಾಗ ನಮ್ಮನ್ನು ಕರೆಯಲಿಲ್ಲ. ಭವಿಷ್ಯ ಹಂಚುವಾಗಲೂ ಕರೆಯುವುದಿಲ್ಲ. ಹಾಗಾಗಿ ಕರೆಯದೆಯೇ ಹೋಗಿ ನೋಡಬೇಕು, ಅಲ್ಲಿ ಯಾರಿಗೆ ಎಂತ ಕೆಲಸ ಕೊಟ್ಟಿದ್ದಾರೆ ಅಂತ.

ನಾನು ಹೇಳುತ್ತಿರುವುದು ಉಪೇಂದ್ರ ಅವರ 'ಸೂಪರ್' ಚಿತ್ರದ ಬಗ್ಗೆ. 2010ರ ಡಿಸೆಂಬರಿನಲ್ಲಿ ತೆರೆಗೆ ಬಂತು. ನಿರ್ಮಾಪಕರು ರಾಕ್‌ಲೈನ್ ವೆಂಕಟೇಶ್. ನಯನತಾರಾ ಅವರ ಮೊದಲ ಕನ್ನಡ ಚಿತ್ರ. ಪೋಸ್ಟರಿನಲ್ಲಿ ಹೆಸರಿನ ಜಾಗದಲ್ಲಿ ಅಕ್ಷರ ಇಲ್ಲ, ಹೆಬ್ಬೆರಳು ತೋರುಬೆರಳು ಕೂಡಿಸಿದ ಒಂದು ಕೈ. 1999ರ 'ಉಪೇಂದ್ರ' ಆದಮೇಲೆ ಹನ್ನೊಂದು ವರ್ಷ ನಿರ್ದೇಶನದಿಂದ ದೂರ ಇದ್ದವರು ಇದರಲ್ಲಿ ಮರಳಿ ಬಂದರು. ಕುಂದಾಪುರ ಕಡೆಯ ಮೂಲದವರು ಅಂತ ನಮ್ಮ ಜಿಲ್ಲೆಯಲ್ಲಿ ಅವರ ಮೇಲೆ ಒಂದು ಅಭಿಮಾನವೂ ಉಂಟು.

ಚಿತ್ರ ಶುರುವಾಗುವುದು 2030ರಲ್ಲಿ. ಭಾರತ ಲೋಕಕ್ಕೇ ದೊಡ್ಡಣ್ಣ. ನಮ್ಮವರು ನಮ್ಮದೇ ಉಡುಪಿನಲ್ಲಿ ಠೀವಿಯಿಂದ ಓಡಾಡುತ್ತಾರೆ. ಹೊಟ್ಟೆಪಾಡಿಗೆ ಇಲ್ಲಿಗೆ ಬರುವವರು ಬಿಳಿಯರು. ಕೂಲಿನಾಲಿ, ಮನೆಚಾಕರಿ ಅವರದು. ಇದೆಲ್ಲ ಹೇಗಾಯಿತು ಅಂತ ಹೇಳಲಿಕ್ಕೆ ಕಥೆ ಹಿಂದಕ್ಕೆ, ಸುಭಾಷ್ ಚಂದ್ರ ಗಾಂಧಿ ಎಂಬ ನಾಯಕನ ಕಾಲಕ್ಕೆ ಹೋಗುತ್ತದೆ. ಇದರಲ್ಲಿ ವಿಜ್ಞಾನ ಎಲ್ಲುಂಟು ಅಂತ ಪಂಡಿತರು ಕೇಳಬಹುದು. ಕೇಳಲಿ. 'ಹೀಗಾದರೆ ಏನು' ಅಂತ ಕೇಳುವ ಧೈರ್ಯವೇ ಈ ಜಾತಿಯ ಕಥೆಗಳ ಜೀವ. ಯಂತ್ರ ಆಮೇಲೆ ಬರುತ್ತದೆ.

ನಾನು ಮೊದಲು ಇದನ್ನು ನೋಡಿದ್ದು ಟಿವಿಯಲ್ಲಿ, ಆಗ ನನಗೆ ಹತ್ತೋ ಹನ್ನೊಂದೋ. ಕೆಮ್ಮಣ್ಣಿನಲ್ಲಿ ನಮ್ಮ ಕೇರಿಯ ನಾಲ್ಕು ಮನೆಗೆ ಸೇರಿ ಒಂದು ಟಿವಿ. ಹೊಳೆಯ ಕಡೆಯಿಂದ ಗಾಳಿ ಬೀಸಿದರೆ ಚಿತ್ರ ನಡುಗುತ್ತಿತ್ತು. ಅಮ್ಮ, ಚಿಕ್ಕಮ್ಮಂದಿರು ಮಡಿಲಲ್ಲಿ ಬೀಡಿ ಎಲೆ ಇಟ್ಟುಕೊಂಡೇ ನೋಡುತ್ತಿದ್ದರು. ಮರುದಿನ ಬ್ರಾಂಚಿಗೆ ಲೆಕ್ಕ ಒಪ್ಪಿಸಬೇಕಲ್ಲ, ಕಣ್ಣು ಟಿವಿಯಲ್ಲಿ, ಬೆರಳು ಬೀಡಿಯಲ್ಲಿ. ಬಿಳಿಯರು ಚಾಕರಿ ಮಾಡುವುದು ಕಂಡಾಗ ಇಡೀ ಮನೆ ನಕ್ಕಿತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಅಪ್ಪ ಅಷ್ಟು ದೊಡ್ಡದಾಗಿ ನಕ್ಕದ್ದು ನಾನು ಕಂಡದ್ದು ಕಡಿಮೆ.

ಆ ನಗುವನ್ನು ನಾನು ಇವತ್ತೂ ಬಿಟ್ಟುಕೊಡುವುದಿಲ್ಲ. ಈ ಚಿತ್ರದ ದೊಡ್ಡ ಶಕ್ತಿ ಅದು. ಕೆಳಗಿದ್ದವನು ಮೇಲೆ, ಮೇಲಿದ್ದವನು ಕೆಳಗೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಗಳಲ್ಲೂ ಇದೇ ಇತ್ತು, ಗುತ್ತಿನ ಯಜಮಾನ ಹುಚ್ಚು ಹಿಡಿದು ಆಳಿನ ಬಾಗಿಲಿಗೆ ಬಂದು ಗಂಜಿ ಕೇಳುವುದು. ಇನ್ನೊಂದು, ನಮಗೆ ನಾಳೆ ಅಂದರೆ ದುಬೈ, ನಾಳೆ ಅಂದರೆ ಅಮೆರಿಕ ಅಂತ ಕಲಿಸಿದ ಕಾಲದಲ್ಲಿ, ನಾಳೆ ಇಲ್ಲಿಯೇ ಆದೀತು, ಕನ್ನಡದಲ್ಲೇ ಆದೀತು ಅಂತ ಒಬ್ಬ ನಿರ್ದೇಶಕ ಪರದೆಯಷ್ಟು ಅಗಲ ಮಾಡಿ ತೋರಿಸಿದರು. ಒಂದು ಮನೆಯಿಂದ ಒಬ್ಬನಾದರೂ ಗಲ್ಫಿಗೆ ಹೋಗಬೇಕು ಅನ್ನುವ ಈ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ.

ಕಳೆದ ಮಳೆಗಾಲದಲ್ಲಿ ಅದನ್ನೇ ಮತ್ತೆ ನೋಡಿದೆವು, ಈ ಸಲ ನನ್ನ ಫೋನಿನಲ್ಲಿ. ನಾನೀಗ ಡಿಗ್ರಿ ಮುಗಿಸಿದವನು, ನಮ್ಮ ಮನೆಯ ಮೊದಲ ಡಿಗ್ರಿ. ಅಪ್ಪ ಹತ್ತಿರದ ಒಂದು ಪೇಟೆಯಲ್ಲಿ ಚರಂಡಿ ಕೆಲಸದವರು, ಅಂದು ಗುತ್ತಿಗೆ, ಇಂದೂ ಗುತ್ತಿಗೆ. ಎರಡು ಎರಡೂವರೆ ತಿಂಗಳು ಸಂಬಳ ಬಾರದಿದ್ದರೂ ಬೆಳಿಗ್ಗೆ ಐದಕ್ಕೆ ಹೊರಡುವವರು. ಅದೇ ದೃಶ್ಯ ಬಂತು. ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದರು, 'ಅವರು ಪರ್ಮನೆಂಟಾ ಮಗ, ಗುತ್ತಿಗೆಯಾ?'

ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇಲ್ಲ. ಒಂದೇ ಮಾತಿನಲ್ಲಿ ಅಪ್ಪ ಆ ಚಿತ್ರದ ನಟ್ಟು ಬೋಲ್ಟು ಬಿಚ್ಚಿ ನೆಲದ ಮೇಲೆ ಹರಡಿದರು. ಚಿತ್ರ ಲೋಕದ ನಕಾಶೆಯನ್ನು ತಲೆಕೆಳಗು ಮಾಡಿತು, ಸರಿ. ಏಣಿಯನ್ನು ಮುಟ್ಟಲಿಲ್ಲ. ಕೆಳಗಿನ ಮೆಟ್ಟಿಲು ಹಾಗೆಯೇ ಉಂಟು, ಅದರ ಮೇಲೆ ನಿಲ್ಲುವವರ ಚರ್ಮದ ಬಣ್ಣ ಮಾತ್ರ ಬದಲು. ದೇಶ ಎಷ್ಟು ಶ್ರೀಮಂತ ಆದರೂ ಸರಿ, ತೊಳೆಯುವವನು ಒಬ್ಬ, ತೊಳೆಸುವವನು ಒಬ್ಬ ಇರಲೇಬೇಕು ಅಂತ ಆ 2030 ಯಾವ ಅನುಮಾನವೂ ಇಲ್ಲದೆ ನಂಬಿದೆ. ಬಿಳಿಯರನ್ನು ನೋಡಿ ನಕ್ಕೆವಲ್ಲ, ಅವರು ನಿಂತಿದ್ದ ಜಾಗ ನಮಗೆ ಗುರುತಿನದೇ. ನಮ್ಮ ಜಾಗ ಅದು. ನಮ್ಮ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ನಮ್ಮಿಂದಲೇ ನಗಿಸುವುದು ಜಾತಿಗೆ ಹಳೆಯ ಅಭ್ಯಾಸ. ಇಲ್ಲದಿದ್ದರೆ ಕೇರಿಯ ಒಳಗೇ ಮೇಲು ಕೀಳು ಯಾಕೆ ಇರುತ್ತಿತ್ತು?

ಹೆಸರುಗಳನ್ನೂ ನೋಡಿ. ನಾಯಕನಲ್ಲಿ ಸುಭಾಷ್ ಇದ್ದಾರೆ, ಗಾಂಧಿ ಇದ್ದಾರೆ. ನಾಯಕಿ ಇಂದಿರಾ. ದೇಶ ಕಟ್ಟುವ ಕಥೆಗೆ ಹೆಸರು ಹುಡುಕುವಾಗ ಸಂವಿಧಾನ ಬರೆದವರ ಹೆಸರು ಯಾರ ಬಾಯಿಗೂ ಬರಲಿಲ್ಲವೇ? ಇದು ಸಿಟ್ಟಿನ ಮಾತು ಅಂತ ಬೇಕಾದರೆ ತೆಗೆದುಕೊಳ್ಳಿ. ಒಬ್ಬ ಸಿರಿವಂತ ನಾಯಕ ಬಂದ, ಲಂಚ ತಿನ್ನುವವರನ್ನು ಸರಿಮಾಡಿದ, ದೇಶ ಚಿನ್ನ ಆಯಿತು ಅನ್ನುವ ಲೆಕ್ಕದಲ್ಲಿ ಲಂಚ ಉಂಟು, ಜಾತಿ ಇಲ್ಲ. ಲಂಚ ಇಲ್ಲದ ಊರಿನಲ್ಲೂ ಜಾತಿ ಸುಖವಾಗಿ ಬದುಕಬಲ್ಲದು. ಜರ್ಮನಿಯ ಫ್ರಿಟ್ಜ್ ಲಾಂಗ್ 1927ರಲ್ಲೇ 'ಮೆಟ್ರೊಪೊಲಿಸ್' ಮಾಡಿದಾಗ, ಮಿನುಗುವ ನಗರದ ಅಡಿಯಲ್ಲಿ ಕಾರ್ಮಿಕರ ಇನ್ನೊಂದು ನಗರ ಉಂಟು ಅಂತ ಕ್ಯಾಮೆರಾ ಕೆಳಗಿಳಿಸಿ ತೋರಿಸಿದ್ದ. ಕೊನೆಗೆ ಯಜಮಾನನಿಗೂ ಕೂಲಿಗೂ ಕೈ ಕುಲುಕಿಸಿ ಮುಗಿಸಿದ, ಅದು ಬೇರೆ ಮಾತು. ಇಳಿದನಲ್ಲ!

ಆ ಸಿನಿಮಾದ ಆಚೆಗೆ ನಮ್ಮ ನಿಜವಾದ ವರ್ಷಗಳು ಹೇಗೆ ನಡೆದವು? ನಮ್ಮ ಕರಾವಳಿಯ ಕೊರಗರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕೂದಲು ಉಗುರು ಬೆರೆಸಿದ ಅನ್ನವನ್ನು ಇನ್ನೊಬ್ಬ ಮನುಷ್ಯನಿಗೆ ತಿನ್ನಿಸಿದರೆ ತಮ್ಮ ಕೇಡು ಅವನ ಮೈಗೆ ಹೋಗುತ್ತದೆ ಅಂತ ನಂಬಿದ ನಾಡು ಇದು. ಯಾವ ವಿಜ್ಞಾನ ಕಥೆಗಾರನಿಗೆ ಇಂಥ ಯಂತ್ರ ಹೊಳೆದೀತು? ಎಪ್ಪತ್ತರ ದಶಕದಲ್ಲೇ ಅರಸು ಸರಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದ್ದರು. ಆದರೂ ಕೇಂದ್ರ ಮತ್ತೆ ಹೊಸ ಕಾಯ್ದೆ ಮಾಡಬೇಕಾಯಿತು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನ ಹೊರಟಿತು. ಒಂದು ತಿಂಗಳ ಮೇಲೆ ಒಂದು ದಿನ ಕಳೆದು ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನವೇ, ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಬಾರದು ಎಂಬ ಆ ಕಾಯ್ದೆ ಜಾರಿಗೆ ಬಂತು. ಕೆಂಪು ಮಣ್ಣಿನ ಗ್ರಹಕ್ಕೆ ನೌಕೆ ಹತ್ತು ತಿಂಗಳ ಮೇಲೆ ಸ್ವಲ್ಪ ದಿನದಲ್ಲಿ ತಲುಪಿತು. ಕೆಂಪು ಮಣ್ಣಿನ ಈ ನಮ್ಮ ಊರಿನ ಸುತ್ತಮುತ್ತ ಆ ಕಾಯ್ದೆ ಇನ್ನೂ ದಾರಿಯಲ್ಲಿ ಉಂಟು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಿಸಬೇಕಾಗಿ ಬಂತು ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ.

ಅದೇ 2023ರ ಆಗಸ್ಟಿನಲ್ಲಿ ಇನ್ನೊಂದು ನಡೆಯಿತು. ತಮ್ಮ ಪ್ರಜಾಕೀಯ ಪಕ್ಷದ ಬಗ್ಗೆ ನೇರ ಪ್ರಸಾರದಲ್ಲಿ ಮಾತಾಡುತ್ತಾ ಉಪೇಂದ್ರ ಒಂದು ಗಾದೆ ಹೇಳಿದರು, ಊರು ಅಂದಮೇಲೆ ಹೊಲಗೇರಿ ಇರುತ್ತದೆ ಅಂತ. ಪ್ರತಿಭಟನೆ ಆಯಿತು, ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ದಾಖಲಾಯಿತು. ಅವರು ಬಾಯಿತಪ್ಪಿ ಬಂತು ಅಂತ ಕ್ಷಮೆ ಕೇಳಿದರು, ವಿಡಿಯೋ ತೆಗೆದರು. ಹೈಕೋರ್ಟು ಕೇಸಿಗೆ ತಡೆ ಕೊಟ್ಟಿತು. ಕ್ಷಮೆ ಕೇಳಿದವರನ್ನು ಮತ್ತೆ ಎಳೆಯುವುದು ನನ್ನ ಉದ್ದೇಶ ಅಲ್ಲ. ಅವರ ಮನಸ್ಸಿನಲ್ಲಿ ವಿಷ ಇತ್ತು ಅಂತಲೂ ನಾನು ಹೇಳುವುದಿಲ್ಲ. ನನ್ನನ್ನು ಕಾಡಿದ್ದು ಗಾದೆ. ಅದು ಅವರು ಕಟ್ಟಿದ್ದಲ್ಲ, ಕನ್ನಡದ ನಾಲಿಗೆಯಲ್ಲಿ ನೂರಾರು ವರ್ಷ ಕೂತದ್ದು. ಊರು ಇದ್ದರೆ ಕೇರಿ ಇರುವುದು ಮಳೆ ಬಿದ್ದರೆ ಕೆಸರು ಇದ್ದಷ್ಟೇ ಸಹಜ ಅಂತ ಅದು ಹೇಳುತ್ತದೆ. 'ಸೂಪರ್' ಮತ್ತೆ ನೋಡುವಾಗ ಆ 2030ರ ಹೊಳೆಯುವ ಬೀದಿಗಳ ಅಡಿಯಲ್ಲಿ ನನಗೆ ಕೇಳಿಸಿದ್ದು ಅದೇ ಗಾದೆ. ಊರು ಸೂಪರ್ ಆಯಿತು, ಹಾಗಾಗಿ ಕೇರಿಗೆ ಬಿಳಿಯರನ್ನು ತರಿಸಿದರು.

ಯಂತ್ರದ ಬಗ್ಗೆ ಕನಸು ಕಂಡವರಾದರೂ ಈ ಕಡೆ ನೋಡಿದರಾ? 2010ರಲ್ಲೇ, 'ಸೂಪರ್‌'ಗೆ ಎರಡು ತಿಂಗಳು ಮೊದಲು, ಶಂಕರ್ ಅವರ 'ಎಂದಿರನ್' ಬಂದಿತ್ತು. ಅದರ ವಿಜ್ಞಾನಿ ರಜನಿಕಾಂತ್ ತಮ್ಮಂತೆಯೇ ಇರುವ ರೋಬೋ ಮಾಡುತ್ತಾರೆ. ಯಾಕೆ? ಸೈನ್ಯಕ್ಕೆ ಕೊಡಲಿಕ್ಕೆ. ಯುದ್ಧದಲ್ಲಿ ಸಾಯುವವನ ಬದಲು ಯಂತ್ರ ಕಳಿಸುವಾ ಅಂತ ಹೊಳೆಯಿತು, ಮ್ಯಾನ್‌ಹೋಲಿನಲ್ಲಿ ಸಾಯುವವನ ಬದಲು ಕಳಿಸುವಾ ಅಂತ ಹೊಳೆಯಲಿಲ್ಲ. ಅದು ಹೊಳೆದದ್ದು ಕೇರಳದ ನಾಲ್ಕಾರು ಇಂಜಿನಿಯರಿಂಗ್ ಹುಡುಗರಿಗೆ. 2018ರಲ್ಲಿ ತಿರುವನಂತಪುರದಲ್ಲಿ 'ಬ್ಯಾಂಡಿಕೂಟ್' ಅಂತ ಹೆಗ್ಗಣದ ಹೆಸರಿನ ರೋಬೋವನ್ನು ಗುಂಡಿಗೆ ಇಳಿಸಿದರು. ಹಾಡಿಲ್ಲ, ಫೈಟಿಲ್ಲ, ಕಾಲು ಚಾಚಿ ಇಳಿದು ಕೆಸರು ಎತ್ತಿ ಮೇಲೆ ಬರುತ್ತದೆ. ನನ್ನ ಮಟ್ಟಿಗೆ ಚಿಟ್ಟಿಗಿಂತ ಅದೇ ಸೂಪರ್‌ಸ್ಟಾರ್.

2024ರ ಡಿಸೆಂಬರಿನಲ್ಲಿ ಉಪೇಂದ್ರರ 'ಯುಐ' ಬಂದಾಗಲೂ ಹೋಗಿ ನೋಡಿದೆ. ಬುದ್ಧಿವಂತರು ಎದ್ದು ಹೋಗಿ ಅಂತ ಶುರುವಿಗೇ ಹೇಳುತ್ತದೆ, ಟಿಕೆಟಿಗೆ ಕೊಟ್ಟ ದುಡ್ಡು ನೆನೆದು ಕೂತೆ. ಈ ಸಲ ಅವರ ನಾಳೆ ಕತ್ತಲೆ. ಹದಿನಾಲ್ಕು ವರ್ಷದಲ್ಲಿ ಅವರಿಗೂ ಬೆಳಕಿನ ಮೇಲೆ ನಂಬಿಕೆ ಕಡಿಮೆ ಆಗಿರಬೇಕು. ಕತ್ತಲೆ ತೋರಿಸುವುದು ಸುಲಭ, ನಮಗಂತೂ ಅದನ್ನು ನೋಡಲು ಥಿಯೇಟರಿಗೆ ಹೋಗಬೇಕಾಗಿಲ್ಲ. ಇಷ್ಟೆಲ್ಲ ತಕರಾರು ಇದ್ದರೂ ಎರಡರಲ್ಲಿ ಒಂದು ಆರಿಸು ಅಂದರೆ ನಾನು 'ಸೂಪರ್' ಅನ್ನೇ ಆರಿಸುತ್ತೇನೆ. ಅದು ಒಳ್ಳೆಯ ಊರೊಂದನ್ನು ಕಟ್ಟಲಿಕ್ಕೆ ಹೊರಟಿತು. ಅರ್ಧ ಕಟ್ಟಿದ ಮನೆಯ ಜೊತೆ ಜಗಳ ಆಡಬಹುದು, ಸುಟ್ಟ ಮನೆಯ ಜೊತೆ ಏನು ಆಡುವುದು?

ಸಿನಿಮಾ ಮುಗಿದ ಮೇಲೆ ಅಪ್ಪನಿಗೆ ಕೇಳಿದೆ, ನಿಮ್ಮನ್ನೇ ಆ 2030 ಮಾಡಲಿಕ್ಕೆ ಬಿಟ್ಟರೆ ಎಂತ ಮಾಡ್ತೀರಿ ಅಂತ. ಅವರು ತಮಾಷೆ ಅಂತ ತಿಳಿಯಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆ ತೆಗೆದು ಅದರ ಹಿಂದೆ ಗೀಟು ಎಳೆದರು. ಚರಂಡಿಗೆ ಇಳಿಜಾರು ಸರಿ ಇದ್ದರೆ ಅರ್ಧ ಕೆಸರು ನಿಲ್ಲುವುದೇ ಇಲ್ಲ. ಮಳೆನೀರಿನ ದಾರಿ ಬೇರೆ, ಮನೆಯ ಕೊಳೆನೀರಿನ ದಾರಿ ಬೇರೆ ಮಾಡಬೇಕು. ಹೋಟೆಲಿನ ಎಣ್ಣೆಜಿಡ್ಡು ಹೋಟೆಲಿನ ಒಳಗೇ ನಿಲ್ಲಬೇಕು, ಕಟ್ಟುವುದು ಅದರಿಂದಲೇ. ಭರತದ ಹೊತ್ತಿಗೆ ಹೊಳೆಯ ನೀರು ಹಿಂದಕ್ಕೆ ಒತ್ತುತ್ತದಲ್ಲ, ಅಲ್ಲಿ ಒಂದು ಬಾಗಿಲು ಬೇಕು, ನೀರು ತಾನೇ ತೆರೆದು ತಾನೇ ಮುಚ್ಚುವಂಥದ್ದು. ಮುಚ್ಚಳ ಎತ್ತಲಿಕ್ಕೆ ಮೇಲಿನಿಂದಲೇ ಕೊಕ್ಕೆ. ಕೊನೆಗೆ ಗುಂಡಿಯ ಅಗಲ ಬರೆದರು, ಒಂದು ಗೇಣಿಗೆ ಸ್ವಲ್ಪ ಜಾಸ್ತಿ.

'ಇಷ್ಟು ಸಣ್ಣದಾದರೆ ಸಾಕಾ ಅಪ್ಪ?' ಅಂದೆ.

'ಸಾಕು. ಮನುಷ್ಯ ಹಿಡಿಸಬಾರದು' ಅಂದರು.